ಮಂಗಳವಾರದ ಬೋರ್ಡಿಗೆ ಇನ್ನೆರಡು ಸಾಲು

ಗೆ,
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗಳು, ಕಾರವಾರ;
ಹಾಗೂ ಘಟ್ಟದ ಮೇಲೆ, ಘಟ್ಟದ ಕೆಳಗೆ ಕೌನ್ಸೆಲಿಂಗ್ ಮಾಡುವ, ಧ್ಯಾನ ಕಲಿಸುವ ಎಲ್ಲರಿಗೆ.

ಮಾನ್ಯರೇ,

ನಾನು ಶಿರಸಿ ಕಡೆಯವನು. ಅಡಿಕೆ ವ್ಯಾಪಾರದ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ವಯಸ್ಸು 52. ಅರ್ಜಿ ಬರೆದು ರೂಢಿಯಿದೆ, ಆದರೆ ಎಲ್ಲ ಬೇರೆಯವರದ್ದು. ಬೆಳೆ ವಿಮೆ, ಕೊಳೆರೋಗದ ಪರಿಹಾರ, ಪಹಣಿ ತಿದ್ದುಪಡಿ ಅಂತ ಊರಿನ ಅರ್ಧ ಜನಕ್ಕೆ ಬರೆದುಕೊಟ್ಟಿದ್ದೇನೆ. ನನ್ನದೇ ಅರ್ಜಿ, ಅದೂ ತಲೆಯೊಳಗಿನ ಸಂಗತಿಗೆ, ಹತ್ತು ಜನರಿಗೆ ಕಾಣುವ ಹಾಗೆ ಬರೆಯುತ್ತಿರುವುದು ಇದೇ ಮೊದಲು. ಹೆಸರು ಹಾಕುತ್ತಿಲ್ಲ. ಮಗಳಿಗೆ ಸಂಬಂಧ ನೋಡುತ್ತಿದ್ದೇವೆ. ಇಷ್ಟು ಹೇಳಿದರೆ ಯಾಕೆ ಎನ್ನುವುದು ನಿಮಗೆ ತಿಳಿಯುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದು ದೂರು ಅಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ನಮ್ಮ ರಾಜ್ಯದಲ್ಲಿ ಇರುವುದರಿಂದಲೇ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಬೀಳುತ್ತಿದೆ. ಜಿಲ್ಲೆಗೊಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಯೋಚನೆ ಬೇರು ಬಿಟ್ಟಿದ್ದೂ ಕರ್ನಾಟಕದಲ್ಲೇ. ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದನ್ನು 1996ರಲ್ಲಿ ದೇಶ ಎತ್ತಿಕೊಂಡಿತು. ನಾನು ಕೇಳುವುದು ಆ ಮಂಗಳವಾರದ ಕೋಣೆಯ ಹೊರಗಿನ ಬೋರ್ಡಿಗೆ ಇನ್ನೆರಡು ಸಾಲು, ಅಷ್ಟೇ. ಯಾವ ಸಾಲು ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು.

2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯ ಚಹಾದಂಗಡಿ, ಅದರಲ್ಲಿದ್ದ ಜನ, ನಿಂತ ಲಾರಿ, ಎಲ್ಲ ಮಣ್ಣಿನಡಿಗೆ, ಗಂಗಾವಳಿಯ ಒಳಕ್ಕೆ ಹೋದವು. ಆಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ನದಿಯಲ್ಲಿ ಹುಡುಕುತ್ತಲೇ ಇದ್ದರು. ನಮ್ಮ ಕ್ಯಾಂಟೀನಿನ ಟಿವಿಯಲ್ಲಿ ದಿನವಿಡೀ ಅದೇ ನೀರು. ಕೆಂಪು ನೀರು, ಹಗ್ಗ, ದೋಣಿ, ದಡದಲ್ಲಿ ಕೊಡೆ ಹಿಡಿದು ನಿಂತ ಜನ. ಒಂದು ಮಧ್ಯಾಹ್ನ ನಾನು ಚಾಲಿಯ, ಅಂದರೆ ಒಣಗಿಸಿ ಸುಲಿದ ಅಡಿಕೆಯ, ಲಾಟಿಗೆ ವ್ಯಾಪಾರಿಗಳು ಕೊಟ್ಟ ದರ ಬರೆದುಕೊಳ್ಳುತ್ತಿದ್ದೆ. ಪೆನ್ನು ಹಿಡಿದ ಕೈ ಜೋಮು ಹಿಡಿಯಿತು. ಎದೆಯೊಳಗೆ ಯಾರೋ ಕಲ್ಲು ಉರುಳಿಸಿದ ಹಾಗೆ. ಉಸಿರು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಮುಗಿಯಿತು, ಇವತ್ತಿಗೆ ಮುಗಿಯಿತು ಎನ್ನುವುದೊಂದೇ ಯೋಚನೆ. ರಿಜಿಸ್ಟರಿನಲ್ಲಿ ಆ ದಿನದ ಪುಟ ಈಗಲೂ ಇದೆ. ಒಂದು ಅಂಕಿಯ ಬಾಲ ಕಾಗದದ ಅಂಚಿನವರೆಗೂ ಎಳೆದುಕೊಂಡು ಹೋಗಿದೆ.

ಹುಬ್ಬಳ್ಳಿಗೆ ಕರೆದೊಯ್ದರು. ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲ ಆಯಿತು. “ಹೃದಯ ಚಲೋ ಐತಿ, ಮನಸ್ಸಿನ ಡಾಕ್ಟರಿಗೆ ತೋರಿಸ್ರಿ” ಅಂದರು. ಮನೆಗೆ ಬಂದ ಮೇಲೆ ಆಯಿ, ಅಂದರೆ ನನ್ನ ತಾಯಿ, ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತ, “ತಮಾ, ನಿಂಗೆ ವಾಯು ಏರಿದ್ದು, ಎಂತೂ ಇಲ್ಲೆ” ಅಂದಳು. ಆ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕಾರಣ ನನಗೆ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. 1983ರ ಆಷಾಢ. ನನಗೆ ಹತ್ತು, ಅಣ್ಣನಿಗೆ ಹದಿನಾಲ್ಕು. ಶಾಲೆಯಿಂದ ಬರುವ ದಾರಿಯಲ್ಲಿ ಹಳ್ಳಕ್ಕೆ ಅಡಿಕೆ ದಬ್ಬೆ ಜೋಡಿಸಿದ ಸಂಕ, ಅಂದರೆ ಕಿರುಸೇತುವೆ. ನಾನು ದಾಟಿದೆ, ಅಣ್ಣ ಹಿಂದೆ ಇದ್ದ. ತಿರುಗಿ ನೋಡಿದರೆ ಸಂಕದ ಮೇಲೆ ಯಾರೂ ಇಲ್ಲ, ಅವನು ಮಳೆಗೆ ಹೊದ್ದಿದ್ದ ಕಂಬಳಿಕೊಪ್ಪೆ ಮಾತ್ರ ಗಾಳಿ ತುಂಬಿಕೊಂಡು ತೇಲಿ ಹೋಗುತ್ತಿತ್ತು. ಮೂರನೆಯ ದಿನ ಸಿಕ್ಕ. ಅಲ್ಲಿಯವರೆಗೆ ದಡದಲ್ಲಿ ಗಳ ಹಿಡಿದು ಹುಡುಕುವವರ ಹಿಂದೆ ನಾನು ನಿಂತಿದ್ದೆ. ನಲವತ್ತೊಂದು ವರ್ಷ ಅದು ಎಲ್ಲಿ ಕೂತಿತ್ತೋ, ಕ್ಯಾಂಟೀನಿನ ಟಿವಿ ಎಬ್ಬಿಸಿತು.

ಮನೋವೈದ್ಯರು ಮಾತ್ರೆ ಕೊಟ್ಟರು. ಹಿಡಿಯುವುದಕ್ಕೆ ಮೂರು ನಾಲ್ಕು ವಾರ ಬೇಕು, ನಡುವೆ ಬಿಡಬೇಡಿ ಅಂದರು. ಹಾಗೆಯೇ ಆಯಿತು. ಮಾತ್ರೆಯನ್ನು ಬಯ್ಯುವವರ ಸಾಲಿನಲ್ಲಿ ನಾನಿಲ್ಲ. ಅದಿಲ್ಲದಿದ್ದರೆ ಈ ಪತ್ರ ಬರೆಯಲು ಕೂರುವಷ್ಟು ತ್ರಾಣವೂ ಇರುತ್ತಿರಲಿಲ್ಲ. ಆದರೆ ಸಂಕ ಮಾತ್ರೆಗೆ ಕರಗುವುದಿಲ್ಲ. ಅದನ್ನು ಯಾರ ಎದುರಾದರೂ ಕೂತು ಬಿಚ್ಚಬೇಕಿತ್ತು. ಮನೋವೈದ್ಯರೂ ಅದನ್ನೇ ಹೇಳಿದರು, ಥೆರಪಿಗೆ ಹೋಗಿ ಎಂದು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಲ್ಲಿಂದ ಶುರುವಾಯಿತು ನನ್ನ ಅಲೆದಾಟ.

ಮೊದಲು ಹೋದಲ್ಲಿ ಬೋರ್ಡಿನ ಮೇಲೆ ಬುದ್ಧನ ಮುಖವಿತ್ತು, ಅದರ ಕೆಳಗೆ ‘ಮೈಂಡ್‌ಫುಲ್‌ನೆಸ್ ಥೆರಪಿ’ ಎಂದು ಬಂಗಾರದ ಬಣ್ಣದಲ್ಲಿ. ಊರು ಯಾವುದು ಎನ್ನುವುದು ಬೇಡ. ಕೋಣೆಯಲ್ಲಿ ಊದುಬತ್ತಿ, ನೀರು ಬೀಳುವ ಸದ್ದಿನ ಕ್ಯಾಸೆಟ್ಟು. (ನೀರು ಬೀಳುವ ಸದ್ದು! ನನಗೆ!) ಕಣ್ಣು ಮುಚ್ಚಿ ಅಂದರು, ಎಲ್ಲವನ್ನೂ ಒಳ್ಳೆಯದಾಗಿ ಯೋಚಿಸಿ ಅಂದರು. ಮೂರನೆಯ ಸಲ ಹೋದಾಗ ಅಣ್ಣನ ವಿಷಯ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಶ್ರಾದ್ಧದಲ್ಲಿ ಏನಾದರೂ ಲೋಪವಾಗಿರಬಹುದು ಅಂದರು. ನಮ್ಮ ಭಟ್ಟರು ಇದನ್ನು ದಕ್ಷಿಣೆಯಿಲ್ಲದೆ ಹೇಳುತ್ತಿದ್ದರು. ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ ಗೋಡೆಯ ಸರ್ಟಿಫಿಕೇಟು ತೋರಿಸಿದರು. ಹತ್ತಿರ ಹೋಗಿ ಓದಿದೆ, ಗುಮಾಸ್ತನ ಕಣ್ಣು ತಾರೀಖಿಗೇ ಹೋಗುತ್ತದೆ. ಶನಿವಾರದಿಂದ ಭಾನುವಾರ.

ಎರಡನೆಯವರು ಓದಿದವರು, ಸಭ್ಯರು. ಚೆನ್ನಾಗಿಯೇ ಮಾತನಾಡಿಸಿದರು. ಆದರೆ ಉಸಿರಿನ ಮೇಲೆ ಗಮನ ಇಡುವುದರಿಂದ ನನಗೆ ಒಮ್ಮೊಮ್ಮೆ ಹಗುರ ಅನ್ನಿಸುತ್ತದೆ, ಅದನ್ನು ಸರಿಯಾಗಿ ಕಲಿಯಬಹುದೇ ಎಂದಾಗ ಕೈಯಾಡಿಸಿದರು. ಅದು ನಿಮ್ಮ ನಂಬಿಕೆಯ ವಿಷಯ, ಇಲ್ಲಿ ಬೇಡ ಎಂದು.

ಹಾಗಾದರೆ ನಂಬಿಕೆಯ ಜಾಗಕ್ಕೇ ಹೋಗೋಣ ಎಂದು ಜಿಲ್ಲೆಯ ಹೊರಗೆ ಹತ್ತು ದಿನದ ಮೌನ ಶಿಬಿರಕ್ಕೆ ಹೋದೆ. ಇಲ್ಲಿ ತಪ್ಪು ನನ್ನದು, ಬರೆದೇ ಬಿಡುತ್ತೇನೆ. ಸೇರುವಾಗ ತುಂಬಿಸುವ ಫಾರ್ಮಿನಲ್ಲಿ ಮಾನಸಿಕ ಕಾಯಿಲೆ ಇದೆಯೇ, ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಸ್ಪಷ್ಟವಾಗಿ ಕೇಳಿದ್ದರು. ಇಲ್ಲ ಎಂದು ಬರೆದೆ. ಜೀವಮಾನವಿಡೀ ಫಾರ್ಮು ತುಂಬಿಸಿದವನು ಬರೆದ ಒಂದೇ ಸುಳ್ಳು. ನಾಲ್ಕು ಗಂಟೆಗೆ ಗಂಟೆ ಬಾರಿಸುವುದು, ಕೂರುವುದು, ಮೂಗಿನ ಕೆಳಗೆ ಉಸಿರು ತಾಗುವುದನ್ನು ನೋಡುವುದು. ಮೂರು ದಿನ ಹಿತವಾಗಿತ್ತು. ಆಮೇಲೆ ಗಮನವನ್ನು ಮೈಮೇಲೆ ಅಂಗುಲ ಅಂಗುಲ ಓಡಿಸುವುದು. ಆರನೆಯ ದಿನ ಮಧ್ಯಾಹ್ನ, ಗಮನ ಎಡಗೈಗೆ ಬಂದಾಗ, ಆ ಕೈ ಹತ್ತು ವರ್ಷದ ಹುಡುಗನ ಕೈ ಆಯಿತು. ಅಂಗೈಯಲ್ಲಿ ಸಂಕದ ಹಿಡಿಕೆಯ ಬಿದಿರಿನ ಗಂಟು ಒತ್ತುತ್ತಿತ್ತು. ಒದ್ದೆ ಕಂಬಳಿಯ ವಾಸನೆ ಬಂತು. ಎದ್ದು ಓಡಿಹೋಗಬೇಕು ಅನ್ನಿಸಿದರೂ ಕಾಲು ಏಳಲಿಲ್ಲ. ಸಂಜೆ ಗುರುಗಳ ಬಳಿ ಹೇಳಿದೆ. ಸುಮ್ಮನೆ ನೋಡಿ, ಎಲ್ಲವೂ ಅನಿತ್ಯ, ಬಂದದ್ದು ಹೋಗುತ್ತದೆ ಅಂದರು. ಅವರ ಪಾಠದ ಮಟ್ಟಿಗೆ ಅದು ಸರಿಯಾದ ಉತ್ತರವೇ. ನನಗೆ ಬೇಕಾಗಿದ್ದುದು ಬೇರೆ: ಈ ಮನುಷ್ಯನನ್ನು ಈಗ ನೋಡಲು ಬಿಡಬಾರದು, ಕಣ್ಣು ತೆರೆಸಿ ಅಂಗಳಕ್ಕೆ ಕರೆದೊಯ್ದು ನೆಲ ಮುಟ್ಟಿಸಬೇಕು ಎಂದು ಗೊತ್ತಿರುವವರು. ಎಂಟನೆಯ ದಿನ ಹೇಳಿ ಬಂದುಬಿಟ್ಟೆ. ಆ ರಾತ್ರಿ ಬಸ್ ನಿಲ್ದಾಣದಲ್ಲಿ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿದೆ. ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಮಾತನಾಡಿದಳು. ಎದುರಿಗೆ ಕಾಣುವ ಐದು ವಸ್ತು ಹೇಳಿ ಅಂದಳು. ಹೇಳಿದೆ: ಬೆಂಚು, ಕಡಲೆಕಾಯಿ ಗಾಡಿ, ಹುಬ್ಬಳ್ಳಿ ಬಸ್ಸಿನ ಬೋರ್ಡು, ಮಲಗಿದ ನಾಯಿ, ನನ್ನ ಚಪ್ಪಲಿ. ಚಪ್ಪಲಿಗೆ ಬರುವಷ್ಟರಲ್ಲಿ ಉಸಿರು ಹೊಟ್ಟೆಗೆ ಇಳಿದಿತ್ತು.

ಆಗ ನನಗೆ ಹೊಳೆದದ್ದು ಇದು. ಧ್ಯಾನ ಕಲಿಸುವವರಿಗೆ ಗಾಯ ಗೊತ್ತಿಲ್ಲ. ಗಾಯ ಗೊತ್ತಿದ್ದವರಿಗೆ ಧ್ಯಾನ ಗೊತ್ತಿಲ್ಲ, ಇಲ್ಲವೇ ಬೇಡ. ಎರಡೂ ಬಲ್ಲವರು ಇರಲೇಬೇಕಲ್ಲ?

ಇದ್ದಾರೆ, ಮತ್ತು ಇದು ಯಾರೋ ನಿನ್ನೆ ಹುಟ್ಟಿಸಿದ ಮಾತೂ ಅಲ್ಲ. 1979ರಲ್ಲೇ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಎಂಬುವರು, ಯಾವ ಔಷಧಿಗೂ ಬಗ್ಗದ ನೋವಿನವರಿಗೆ ಬೌದ್ಧರ ಸಾವಧಾನದ ಅಭ್ಯಾಸವನ್ನು ಎಂಟು ವಾರದ ಪಾಠ ಮಾಡಿ ಕಲಿಸಲು ಶುರುಮಾಡಿದರು. ಅದರ ಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಃಶಾಸ್ತ್ರಜ್ಞರು ಯೋಚನೆಗಳನ್ನು ತಿದ್ದುವ ಚಿಕಿತ್ಸೆಯನ್ನು ಹೆಣೆದು, ಖಿನ್ನತೆ ಮರುಕಳಿಸುವವರಿಗೆಂದು ಇನ್ನೊಂದು ಎಂಟು ವಾರದ ಕ್ರಮ ಮಾಡಿದರು. 2004ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಚಿಕಿತ್ಸೆಗಳನ್ನು ತೂಗಿ ಹೇಳುವ ಸಂಸ್ಥೆ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರಿಗೆ ಇದನ್ನು ಕೊಡಬಹುದು ಎಂದಿತು. ಅಲ್ಲಿ ಯಾರೂ ತಲೆ ಬೋಳಿಸಿಕೊಳ್ಳಬೇಕಾಗಿಲ್ಲ. ‘ನಾನು ಕೆಲಸಕ್ಕೆ ಬಾರದವನು’ ಎಂಬ ಯೋಚನೆ ಬಂದಾಗ ಅದರ ಜೊತೆ ವಾದಕ್ಕೆ ಇಳಿಯದೆ, ಅದರ ಬಾಲ ಹಿಡಿದು ಓಡದೆ, ‘ಓಹೋ, ಆ ಯೋಚನೆ ಬಂತು’ ಎಂದು ಗುರುತಿಸಿ ಮತ್ತೆ ಪಾದಕ್ಕೋ ಉಸಿರಿಗೋ ಬರುವುದನ್ನು ರೂಢಿ ಮಾಡಿಸುತ್ತಾರೆ. ಕೇಳಲು ಸುಲಭ. ಮಾಡಲು ಕೂತರೆ ಮೊದಲ ವಾರ ಹತ್ತು ನಿಮಿಷದಲ್ಲಿ ನಾನು ತೋಟಕ್ಕೆ ಹೋಗಿ, ಮಂಗ ಓಡಿಸಿ, ಸಾಲದ ಬಡ್ಡಿ ಲೆಕ್ಕ ಹಾಕಿ, ಮಗಳ ಮದುವೆಯ ಅಡುಗೆಯವರ ಜೊತೆ ಜಗಳವಾಡಿ ಬರುತ್ತಿದ್ದೆ.

ಪಾಲಿಯಲ್ಲಿ ಈ ಸಾವಧಾನಕ್ಕೆ ‘ಸತಿ’ ಎನ್ನುತ್ತಾರಂತೆ. ಹೆಂಡತಿಗೆ ಹೇಳಿದರೆ, ನನ್ನ ಮೇಲೆ ಗಮನ ಇಡುವುದಕ್ಕೆ ಇಷ್ಟು ದೂರ ಹೋಗಬೇಕಿತ್ತಾ ಅಂದಳು. ನಮ್ಮ ಸಂಸ್ಕೃತದ ‘ಸ್ಮೃತಿ’ಯೇ ಅದು. ನೆನಪು ಎನ್ನುವ ಅರ್ಥವೂ ಅದಕ್ಕಿದೆ. ನೆನಪಿನಿಂದಲೇ ಕಾಯಿಲೆ ಬಿದ್ದವನಿಗೆ ಆ ಶಬ್ದ ಸ್ವಲ್ಪ ಹೊತ್ತು ನಾಲಿಗೆಯ ಮೇಲೆ ಉಳಿಯಿತು.

ಹುಡುಕುವ ಮೊದಲು ಸೊಸೈಟಿಯ ಹಳೆಯ ರಸೀದಿಯ ಬೆನ್ನಿಗೆ ನಾಲ್ಕು ಪ್ರಶ್ನೆ ಬರೆದುಕೊಂಡೆ. ಮೊದಲನೆಯದು ಓದಿನದು. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಎಂ.ಫಿಲ್ ಅಥವಾ ಅಂಥದ್ದೇ ತರಬೇತಿ ಮುಗಿಸಿ, ಅಲ್ಲಿ ನೋಂದಣಿ ಸಂಖ್ಯೆ ಪಡೆದಿರಬೇಕು. 1992ರ ಕಾಯ್ದೆ ಅದು. ಸಂಖ್ಯೆ ಕೇಳುವುದು ಅವಮಾನ ಅಲ್ಲ. ಅಡಿಕೆ ತಂದವನ ಹತ್ತಿರ ನಾವು ಸದಸ್ಯ ನಂಬರು ಕೇಳುವುದಿಲ್ಲವೇ? ಎರಡನೆಯದು, ನೀವೇ ದಿನಾ ಕೂರುತ್ತೀರಾ, ಯಾರ ಬಳಿ ಎಷ್ಟು ವರ್ಷ ಕಲಿತಿರಿ. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಿದ ಹಾಗಾಗಬಾರದು. ಮೂರನೆಯದು, ಕೂತಾಗ ನನಗೆ ಉಸಿರು ಕಟ್ಟಿದರೆ ಏನು ಮಾಡುತ್ತೀರಿ. ನಾಲ್ಕನೆಯದು, ನನ್ನ ಮಾತ್ರೆಯ ಬಗ್ಗೆ ಏನು ಹೇಳುತ್ತೀರಿ. ಈ ಕೊನೆಯದಕ್ಕೆ “ಧ್ಯಾನ ಇದ್ದರೆ ಮಾತ್ರೆ ಯಾಕೆ” ಎಂದವರ ಫೋನನ್ನು ನಾನು ಅಲ್ಲಿಗೇ ಇಟ್ಟೆ. ಇಬ್ಬರು ಹಾಗೆ ಹೇಳಿದರು.

ಹನ್ನೊಂದು ಕರೆಗಳಾದ ಮೇಲೆ ಒಬ್ಬರು ಸಿಕ್ಕಿದರು. ಕೂರುವುದು ಬೆಂಗಳೂರಿನಲ್ಲಿ, ಮೂಲ ಸಾಗರದ ಕಡೆ. ಮೂರನೆಯ ಪ್ರಶ್ನೆಗೆ ಅವರು, “ಮೊದಲ ಒಂದೆರಡು ತಿಂಗಳು ನಿಮಗೆ ಕಣ್ಣು ಮುಚ್ಚಲಿಕ್ಕೇ ಹೇಳುವುದಿಲ್ಲ” ಅಂದರು. ಅಷ್ಟಕ್ಕೇ ನನಗೆ ನೆಮ್ಮದಿಯಾಯಿತು. ಒಂದು ಸಲಕ್ಕೆ 1,200 ರೂಪಾಯಿ, ವಾರಕ್ಕೊಮ್ಮೆ, ವಿಡಿಯೊದಲ್ಲಿ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಅಟ್ಟದ ಮೂಲೆಯಲ್ಲಿ ಮಾತ್ರ. ಹಾಗಾಗಿ ನನ್ನ ಚಿಕಿತ್ಸೆಯೆಲ್ಲ ಗೋಣಿಚೀಲಗಳ ನಡುವೆ, ಮೊಬೈಲನ್ನು ಕೊಳಗಕ್ಕೆ ಒರಗಿಸಿಕೊಂಡು ಆಯಿತು.

ಆ ಅಟ್ಟದ ಮೇಲೆ ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇಂಥದ್ದು ಏನಿರುತ್ತದೆ ಎನ್ನುವುದೇ ನಮ್ಮ ಜನಕ್ಕೆ ಗೊತ್ತಿಲ್ಲ. ಮೊದಲ ದಿನ ಅವರು ಕೇಳಿದ್ದು ಕವಳದ, ಅಂದರೆ ಎಲೆಯಡಿಕೆಯ ವಿಷಯ. ದಿನಕ್ಕೆ ಎಷ್ಟು ಎಂದು. ಲೆಕ್ಕ ಇಟ್ಟಿಲ್ಲ ಅಂದೆ. ಗುಮಾಸ್ತರಲ್ಲವೇ, ಒಂದು ವಾರ ಇಡಿ ಅಂದರು. ಹದಿನಾರು ಬಂತು. ಅಡಿಕೆ ನರಗಳನ್ನು ಕೆರಳಿಸುವ ವಸ್ತು, ಎದೆ ಹೊಡೆದುಕೊಳ್ಳುವುದು ಜಾಸ್ತಿಯಾಗುತ್ತದೆ, ಹೊಡೆದುಕೊಂಡ ಕೂಡಲೇ ನಿಮ್ಮ ಮನಸ್ಸು ಅದನ್ನು ಸಾವು ಎಂದು ಓದುತ್ತದೆ ಎಂದು ತಿಳಿಸಿದರು. ಅಡಿಕೆಯಿಂದಲೇ ಅನ್ನ ಉಣ್ಣುವವನಿಗೆ ಹೇಳುವ ಮಾತೇ ಇದು! ಈಗ ನಾಲ್ಕಕ್ಕೆ ಇಳಿದಿದೆ, ತಂಬಾಕು ಪೂರ್ತಿ ಬಿಟ್ಟಿದ್ದೇನೆ.

ಉಸಿರನ್ನು ಅವರು ಮುಟ್ಟಲೇ ಇಲ್ಲ. ಉಸಿರು ನಿಮಗೆ ಸದ್ಯಕ್ಕೆ ಅಪಾಯದ ಜಾಗ, ಬೇರೆ ಗೂಟ ಹುಡುಕೋಣ ಅಂದರು. ಕಣ್ಣು ತೆರೆದು ಅಂಗಾಲು ಅಟ್ಟದ ಹಲಗೆಗೆ ತಾಗುವುದನ್ನು ನೋಡುವುದು. ಆ ವಿದೇಶದ ಪಾಠದಲ್ಲಿ ಒಣದ್ರಾಕ್ಷಿಯೊಂದನ್ನು ಕೈಯಲ್ಲಿಟ್ಟು ಐದು ನಿಮಿಷ ನೋಡಿ, ಮೂಸಿ, ಆಮೇಲೆ ತಿನ್ನುವ ಅಭ್ಯಾಸವಿದೆ. ನಮಗೆ ಯಾಕೆ ದ್ರಾಕ್ಷಿ, ಮನೆಯಲ್ಲಿ ಏನಿದೆ ಅಂದರು. ಪರಿಮಳದ ಎಳೆ ಮಾವಿನಕಾಯಿ ಅಪ್ಪೆಮಿಡಿ ತಂದೆ. ತೊಟ್ಟು ಮುರಿದರೆ ಸೊನೆಯ ವಾಸನೆ ಮೂಗಿನಿಂದ ನೆತ್ತಿಗೆ ಹತ್ತಿತು. ಆ ವಾಸನೆ ಇರುವಾಗ ಒದ್ದೆ ಕಂಬಳಿಯ ವಾಸನೆ ಬರಲು ಜಾಗವಿರಲಿಲ್ಲ. ಈಗಲೂ ಮಳೆಗಾಲದಲ್ಲಿ ಜೇಬಿನಲ್ಲಿ ಉಪ್ಪುಮಿಡಿಯ ಸಣ್ಣ ಡಬ್ಬಿ ಇರುತ್ತದೆ. ಸಹೋದ್ಯೋಗಿಗಳು ಬಸುರಿಯ ಹಾಗೆ ಎಂದು ನಗುತ್ತಾರೆ, ನಗಲಿ.

ಹೀಗೆ ಗೂಟ ಗಟ್ಟಿಯಾದ ಮೇಲೆ, ಸುಮಾರು ನಾಲ್ಕನೆಯ ತಿಂಗಳಿಗೆ, ಸಂಕದ ಕಡೆ ಹೋದೆವು. ಒಂದು ಸಲಕ್ಕೆ ಒಂದು ಹೆಜ್ಜೆ. ಹಳ್ಳದ ಸದ್ದಿನವರೆಗೆ ಹೋಗಿ, ವಾಪಸು ಪಾದಕ್ಕೆ ಬಂದು, ಚಹಾ ಕುಡಿದು, ಮತ್ತೆ ಮುಂದಿನ ವಾರ ದಬ್ಬೆಯವರೆಗೆ. ಸಂಕ ಎಂದರೆ ಏನು, ಕೊಪ್ಪೆ ಎಂದರೆ ಏನು ಎಂದು ಅವರಿಗೆ ವಿವರಿಸಬೇಕಾಗಲಿಲ್ಲ. ಇದು ಸಣ್ಣ ಮಾತಲ್ಲ. ನಡುವೆ ನಿಂತು ಶಬ್ದಾರ್ಥ ಹೇಳಬೇಕಾಗಿದ್ದರೆ ಆ ಹುಡುಗ ಮತ್ತೆ ಓಡಿಹೋಗುತ್ತಿದ್ದ. ಕೊನೆಗೆ ಒಂದು ದಿನ ನಲವತ್ತೊಂದು ವರ್ಷ ನನ್ನೊಳಗೆ ಇದ್ದ ವಾಕ್ಯ ಹೊರಬಂತು: ನಾನು ಮೊದಲು ದಾಟಬಾರದಿತ್ತು. ಅವರು ಅದನ್ನು ಅಲ್ಲಗಳೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಈ ಯೋಚನೆಗೆ ವಯಸ್ಸೆಷ್ಟು?” ಎಂದು ಕೇಳಿದರು. ಹತ್ತು ಅಂದೆ. ಗೋಣಿಚೀಲಕ್ಕೆ ತಲೆ ಕೊಟ್ಟು ಅತ್ತೆ. ಕೆಳಗಿನಿಂದ ಆಯಿ ಕೂಗಿದಳು, ಅಟ್ಟದಲ್ಲಿ ಬೆಕ್ಕು ಹೊಕ್ಕಿದೆಯಾ ನೋಡು ಎಂದು.

ಇಷ್ಟಾದ ಮೇಲೆ ನನಗೊಂದು ಚಡಪಡಿಕೆ ಶುರುವಾಯಿತು. ಬೌದ್ಧರ ವಿದ್ಯೆಗಾಗಿ ಉತ್ತರ ಕನ್ನಡದವನು ಬೆಂಗಳೂರಿನ ಕಡೆ ನೋಡಬೇಕೇ? ನಮ್ಮ ಬನವಾಸಿ ಇಲ್ಲೇ ಇದೆ. ಸಿಂಹಳದ ಹಳೆಯ ಗ್ರಂಥ ಮಹಾವಂಶದಲ್ಲಿ, ಅಶೋಕನ ಕಾಲದ ಮೂರನೆಯ ಸಂಗೀತಿಯ, ಅಂದರೆ ಬೌದ್ಧ ಮಹಾಸಭೆಯ, ನಂತರ ರಕ್ಖಿತನೆಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ‘ವನವಾಸ’ ಎಂಬ ಬನವಾಸಿ ಸೀಮೆಗೆ ಕಳಿಸಿದರೆಂದಿದೆ. ಮಧುಕೇಶ್ವರ ದೇವಸ್ಥಾನದ ಅಂಗಳದ ಐದು ಹೆಡೆಯ ನಾಗಶಿಲೆಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಚುಟು ಮನೆತನದ ರಾಜಕುಮಾರಿ ನಾಗಶ್ರೀ ನಾಗ, ಕೆರೆ, ವಿಹಾರ ಮಾಡಿಸಿದ್ದು ಪ್ರಾಕೃತದಲ್ಲಿದೆ. ಶಾಲೆಯ ಪ್ರವಾಸದಲ್ಲಿ ಆ ಕಲ್ಲಿಗೆ ಕುಂಕುಮ ಹಚ್ಚಿ ಬಂದವರು ನಾವೆಲ್ಲ. ಇನ್ನು ಮುಂಡಗೋಡ. 1966ರಿಂದ ಅಲ್ಲಿ ಟಿಬೆಟನ್ನರ ನೆಲೆ ಇದೆ, ದ್ರೆಪುಂಗ್, ಗಾಂದೆನ್‌ನಂಥ ಮಹಾವಿದ್ಯಾಮಠಗಳು ಮತ್ತೆ ಎದ್ದು ನಿಂತದ್ದು ನಮ್ಮದೇ ಜಿಲ್ಲೆಯ ನೆಲದಲ್ಲಿ. 2013ರ ಜನವರಿಯಲ್ಲಿ ದಲೈಲಾಮಾ ಮತ್ತು ಹೊರದೇಶಗಳ ವಿಜ್ಞಾನಿಗಳು ಕೂತು ಮನಸ್ಸು, ಮೆದುಳು, ಜಡವಸ್ತುವಿನ ಬಗ್ಗೆ ದಿನಗಟ್ಟಲೆ ಚರ್ಚಿಸಿದ್ದು ಇದೇ ದ್ರೆಪುಂಗ್‌ನಲ್ಲಿ. ಆ ಹೊತ್ತಿಗೆ ನಾವು ಶಿರಸಿಯಲ್ಲಿ ಚಾಲಿಯ ದರ ಮಾತನಾಡುತ್ತಿದ್ದೆವು.

ಒಂದು ಭಾನುವಾರ ಬಸ್ಸು ಹತ್ತಿ ಲಾಮಾ ಕ್ಯಾಂಪಿಗೆ ಹೋದೆ. ಮುಂಡಗೋಡದ ಸಂತೆಯಲ್ಲಿ ಕಲಿತ ಕನ್ನಡ ಮಾತನಾಡುವ ಒಬ್ಬ ಹಿರಿಯ ಭಿಕ್ಷು ಸಿಕ್ಕಿದರು. ನಿಮ್ಮಲ್ಲಿ ಮನಸ್ಸಿನ ಡಾಕ್ಟರು ಇದ್ದಾರಾ ಎಂದು ನೇರವಾಗಿ ಕೇಳಿದೆ. ನಕ್ಕುಬಿಟ್ಟರು. “ಅಣ್ಣಾ, ನಾವು ಪುಸ್ತಕ ಓದ್ತೀವಿ, ವಾದ ಮಾಡ್ತೀವಿ. ಡಾಕ್ಟರ್ ಅಲ್ಲ” ಅಂದರು. ಶಿಬಿರದ ಆರನೆಯ ದಿನದ ಕತೆ ಹೇಳಿದಾಗ ನಗು ನಿಂತಿತು. ಅದಕ್ಕೆ ಅವರಲ್ಲಿ ಒಂದು ಹೆಸರೇ ಇದೆಯಂತೆ, ‘ಲುಂಗ್’. ಟಿಬೆಟನ್ ವೈದ್ಯದ ಮೂರು ದೋಷಗಳಲ್ಲಿ ಒಂದು. ಮನಸ್ಸನ್ನು ಬಲವಂತವಾಗಿ ಬಿಗಿಹಿಡಿದು ಕೂತರೆ ಅದು ಕೆರಳುತ್ತದೆ, ಎದೆ ಬಿಗಿಯುತ್ತದೆ, ನಿದ್ದೆ ಹೋಗುತ್ತದೆ. ಆಗ ಗುರುವೇ ಧ್ಯಾನ ನಿಲ್ಲಿಸಿ ಎನ್ನುತ್ತಾನೆ. ಒಳ್ಳೆಯ ಊಟ ಮಾಡು, ಎಣ್ಣೆ ಹಚ್ಚಿಕೋ, ಬಯಲಿನಲ್ಲಿ ತಿರುಗಾಡು, ಸ್ನೇಹಿತರ ಜೊತೆ ಹರಟೆ ಹೊಡಿ ಎನ್ನುತ್ತಾನೆ. ಲುಂಗ್ ಎಂದರೇನು ಎಂದು ಕೇಳಿದೆ. ಕೈಯನ್ನು ಗಾಳಿಯಲ್ಲಿ ಆಡಿಸಿ “ಗಾಳಿ” ಅಂದರು.

ವಾಯು ಏರಿದ್ದು! ಆಯಿ ಎಣ್ಣೆ ತಿಕ್ಕುತ್ತ ಹೇಳಿದ್ದು ಅದನ್ನೇ.

ಅಂದರೆ ಯಾವ ಪರಂಪರೆಯ ಹೆಸರಿನಲ್ಲಿ ಪೇಟೆಯಲ್ಲಿ ಬೋರ್ಡುಗಳು ಏಳುತ್ತಿವೆಯೋ ಆ ಪರಂಪರೆಗೆ, ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಿಗೂ ಅಲ್ಲ ಎನ್ನುವುದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಬೋರ್ಡಿನವರಿಗೆ.

ಈಗ ನನ್ನ ಅರ್ಜಿಗೆ ಬರುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರ ನಡೆಸುವ ಮಾನಸಿಕ ಆರೈಕೆಯನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ಆ ಹಕ್ಕು ಇಟ್ಟುಕೊಂಡು ಪ್ರತಿ ತಾಲ್ಲೂಕಿಗೂ ಇಂಥ ಚಿಕಿತ್ಸಕರನ್ನು ನೇಮಿಸಿ ಎಂದು ನಾನು ಕೇಳಬಹುದು. ಆದರೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಈ ಜಿಲ್ಲೆ ಎಷ್ಟು ಕೂಗಿದೆ ಎಂದು ಬಲ್ಲವನಾದ್ದರಿಂದ ಖರ್ಚಿಲ್ಲದ್ದನ್ನು ಕೇಳುತ್ತೇನೆ. ಮಂಗಳವಾರದ ಕೋಣೆಯ ಬಾಗಿಲ ಪಕ್ಕ ಒಂದು ಪಟ್ಟಿ ಹಾಕಿಸಿ. ಜಿಲ್ಲೆಯಲ್ಲಿ, ಪಕ್ಕದ ಹುಬ್ಬಳ್ಳಿ-ಧಾರವಾಡ, ಗೋವೆಯಲ್ಲಿ, ಅಥವಾ ಫೋನಿನಲ್ಲಿ ಕನ್ನಡ, ಕೊಂಕಣಿ ಮಾತನಾಡಿ ಚಿಕಿತ್ಸೆ ಕೊಡುವ ಅರ್ಹರ ಹೆಸರು, ಓದು, ನೋಂದಣಿ ಸಂಖ್ಯೆ. ಅದರ ಕೆಳಗೆ ಇನ್ನೆರಡು ಸಾಲು. ಒಂದು: ಸಾವಧಾನದ ಅಭ್ಯಾಸವನ್ನು ಚಿಕಿತ್ಸೆಯಲ್ಲಿ ಸೇರಿಸುತ್ತಾರೆಯೇ, ಅದನ್ನು ಎಲ್ಲಿ, ಎಷ್ಟು ಕಾಲ ಕಲಿತರು. ಇನ್ನೊಂದು: ಅದು ಯಾರಿಗೆ ಬೇಡ ಎನ್ನುತ್ತಾರೆ. ಎರಡನೆಯ ಸಾಲು ತುಂಬಿಸಲು ಬಾರದವರ ಹೆಸರನ್ನು ಪಟ್ಟಿಯಲ್ಲಿ ಹಾಕಲೇಬೇಡಿ.

ಕೌನ್ಸೆಲಿಂಗ್ ಕೋಣೆ ಇಟ್ಟವರಲ್ಲಿ ನನ್ನದು ಇಷ್ಟೇ. ಬುದ್ಧನ ಫೋಟೊ ಇರಲಿ, ಅದರ ಪಕ್ಕಕ್ಕೆ ನಿಮ್ಮ ಓದೂ ನಂಬರೂ ಇರಲಿ. ನೀರು ಬೀಳುವ ಕ್ಯಾಸೆಟ್ಟು ಹಾಕುವ ಮೊದಲು, ನೀರಿನಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದೀರಾ ಎಂದು ಒಂದು ಮಾತು ಕೇಳಿ. ಘಟ್ಟದ ಮೇಲಿನ ಹಳ್ಳ, ಕೆಳಗಿನ ಕಡಲು, ಈ ಜಿಲ್ಲೆಯಲ್ಲಿ ಹೌದು ಎನ್ನುವವರೇ ಜಾಸ್ತಿ ಸಿಗುತ್ತಾರೆ. ಶಿಬಿರ ನಡೆಸುವವರು ಫಾರ್ಮಿನಲ್ಲಿ ಕೇಳಿದ್ದನ್ನು ಬಾಯಲ್ಲಿ ಇನ್ನೊಮ್ಮೆ, ಒಬ್ಬೊಬ್ಬರನ್ನೇ ಕರೆದು ಕೇಳಿ. ನನ್ನಂಥವರು ಕಾಗದಕ್ಕೆ ಸುಳ್ಳು ಹೇಳುತ್ತಾರೆ, ಮುಖಕ್ಕೆ ಹೇಳುವುದು ಕಷ್ಟ. 14416 ಎಂದು ಧ್ಯಾನದ ಕೋಣೆಯ ಹೊರಗೆ ದೊಡ್ಡದಾಗಿ ಬರೆದರೆ ಧರ್ಮಕ್ಕೇನೂ ಊನವಾಗುವುದಿಲ್ಲ. ಮತ್ತೆ ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಮುಂಡಗೋಡದಲ್ಲಿ ಮಠಗಳಿವೆ. ವರ್ಷಕ್ಕೊಮ್ಮೆ ಇಬ್ಬರನ್ನೂ ಒಂದು ದಿನ ಎದುರುಬದುರು ಕೂರಿಸುವುದು ಸಾಧ್ಯವೇ? ಚಹಾ ತಿಂಡಿಯ ಖರ್ಚಿಗೆ ನಮ್ಮ ಸೊಸೈಟಿಯ ಗೆಳೆಯರಲ್ಲಿ ಪಟ್ಟಿ ಹಾಕಿ ಎತ್ತುವ ಹೊಣೆ ನನ್ನದು.

ಪಟ್ಟಿಯ ಮಾದರಿಯನ್ನು ದೊಡ್ಡ ಹಾಳೆಯಲ್ಲಿ ಗೆರೆ ಹೊಡೆದು ಸಿದ್ಧ ಮಾಡಿದ್ದೇನೆ, ಬರುವ ಮಂಗಳವಾರ ತರುತ್ತೇನೆ. ಮೇಲೆ ಒಂದು ಹೆಸರು ಬರೆದಿದ್ದೇನೆ, ಅವರ ಒಪ್ಪಿಗೆ ಪಡೆದು. ಕೆಳಗೆ ಹನ್ನೆರಡು ತಾಲ್ಲೂಕಿಗೆ ಹನ್ನೆರಡು ಸಾಲು ಬಿಟ್ಟಿದ್ದೇನೆ. ಸದ್ಯ ಖಾಲಿ ಇವೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಒಬ್ಬ ಗುಮಾಸ್ತ